ಬಸಗೊಂಡಪ್ಪನ ಎಡಗೈ

ಆಸ್ಪತ್ರೆಯಿಂದ ಬಬಲೇಶ್ವರದ ಮನೆಗೆ ಬಂದ ಮರುದಿನ ಬೆಳಿಗ್ಗೆ ಬಸಗೊಂಡಪ್ಪ ಉಪ್ಪಿಟ್ಟಿನ ತಾಟನ್ನು ಬಲಗೈಯಿಂದ ಮೆಲ್ಲಗೆ ಅತ್ತ ಸರಿಸಿದ. ಸಿಟ್ಟಿನಿಂದ ಅಲ್ಲ. ಪಕ್ಕದಲ್ಲಿ ಬಂದು ಕೂಡುವವರಿಗೆ ಜಾಗ ಮಾಡಿಕೊಡುವವರ ಹಾಗೆ, ಬಲು ಸಮಾಧಾನದಿಂದ.

ಉಪ್ಪು ಹೆಚ್ಚಾಯಿತೇನೋ ಎಂದು ಸೊಸೆ ವಿಜಯಲಕ್ಷ್ಮೀ ಅಂದುಕೊಂಡಳು. ಬಾಯಿ ಇನ್ನೂ ಸೊಟ್ಟಗಿದೆ, ನುಂಗಲು ಆಗುತ್ತಿಲ್ಲ ಎಂದು ಮಗ ಸಿದ್ದಲಿಂಗೇಶ ಅಂದುಕೊಂಡ. ಖರೆ ಕಾರಣ ಗೊತ್ತಾದದ್ದು ಹೆಂಡತಿ ಲಕ್ಕವ್ವನಿಗೆ ಮಾತ್ರ. ನಲವತ್ತಾರು ವರ್ಷ ಈ ಮನುಷ್ಯನ ಮುಂದೆ ತಾಟು ಇಟ್ಟವಳು ಅವಳು. ಲಿಂಗಪೂಜೆ ಆಗದೆ ಅವನು ಒಂದು ಗುಟುಕು ಚಹಾ ಕುಡಿದದ್ದನ್ನು ಅವಳು ಕಂಡಿರಲಿಲ್ಲ. ಬಿತ್ತಿಗೆಯ ದಿನಗಳಲ್ಲಿ ಕತ್ತಲಿದ್ದಾಗಲೇ ಎದ್ದು, ತಣ್ಣೀರು ಸುರಿದುಕೊಂಡು, ಪೂಜೆ ಮುಗಿಸಿಯೇ ಜೈನಾಪುರದ ಹೊಲಕ್ಕೆ ಹೋಗುತ್ತಿದ್ದವನು. ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನ, ಮೊದಲು ಮೂಗಿನ ನಳಿಕೆಯಿಂದ, ಆಮೇಲೆ ಚಮಚದಿಂದ ಏನು ಹಾಕಿದರೋ ಅದು ಅವನ ಲೆಕ್ಕಕ್ಕಿಲ್ಲ. ಅಲ್ಲಿ ಅವನಿಗೆ ಎಚ್ಚರವೇ ಅರ್ಧ ಇತ್ತು. ಈಗ ಮನೆ. ಮನೆಯ ರೀತಿ ಬೇರೆ.

ಆ ಹನ್ನೊಂದು ದಿನ ಅವನ ಲಿಂಗ ಲಕ್ಕವ್ವನ ಕೊರಳಲ್ಲಿತ್ತು. ತಲೆಯ ಫೋಟೊ ತೆಗೆಯಲು ಒಳಗೆ ಒಯ್ಯುವಾಗ, ಮೈಮೇಲೆ ಲೋಹದ್ದೇನೂ ಇರಬಾರದು ಎಂದು ನರ್ಸು ಹೇಳಿದಳು. ಲಕ್ಕವ್ವ ಗಂಡನ ಕೊರಳಿನ, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಶಿವದಾರದ ಸಮೇತ ತೆಗೆದು ತನ್ನ ಕೊರಳಿಗೆ ಹಾಕಿಕೊಂಡಳು. ಆಸ್ಪತ್ರೆಯ ನೆಲದ ಮೇಲೆ ಮಗ್ಗಲು ಬದಲಿಸಿದಾಗಲೆಲ್ಲ ಅವಳದೂ ಅವನದೂ ಎರಡು ಕರಡಿಗೆ ಒಂದಕ್ಕೊಂದು ತಾಗಿ ಸಣ್ಣಗೆ ಸಪ್ಪಳ ಮಾಡುತ್ತಿದ್ದವು. ಅವನು ಇನ್ನೂ ಇದ್ದಾನೆ ಎನ್ನುವುದಕ್ಕೆ ಆ ಸಪ್ಪಳ ಅವಳಿಗೆ ಸಾಕಾಗುತ್ತಿತ್ತು.

ಇವತ್ತು ಅದನ್ನು ಅವನಿಗೆ ತಿರುಗಿ ಕೊಡಬೇಕು. ಬಿಸಿನೀರಿನಲ್ಲಿ ಮೈ ತೊಳೆಸಿ, ಮಡಿ ಉಡಿಸಿ, ಮಣೆಯ ಮೇಲೆ ಗೋಡೆಗೆ ಆನಿಸಿ ಕೂಡಿಸಿದಳು. ವಿಭೂತಿ, ತಂಬಿಗೆ, ನಾಲ್ಕು ಪತ್ರೆ ಮುಂದಿಟ್ಟಳು. ಕರಡಿಗೆಯ ಮುಚ್ಚಳ ತೆಗೆದು ಲಿಂಗ ಹೊರಗೆ ತೆಗೆದಳು.

ಲಿಂಗ ಕೂಡುವುದು ಎಡ ಅಂಗೈ ಮೇಲೆ. ಬಲಗೈ ನೀರು ಹನಿಸಬೇಕು, ವಿಭೂತಿ ಹಚ್ಚಬೇಕು, ಪತ್ರೆ ಏರಿಸಬೇಕು. ಎಡಗೈಗೆ ಇರುವುದು ಒಂದೇ ಕೆಲಸ, ಅಲುಗಾಡದೆ ಹಿಡಿದುಕೊಂಡು ಕೂಡುವುದು. ಲಕ್ವಾ ಹೊಡೆದದ್ದು ಆ ಎಡಗೈಗೇ. ಕಾಲೂ ಎಡದ್ದೇ ಹೋಗಿತ್ತು, ಆದರೆ ಅದು ಆಸ್ಪತ್ರೆಯಲ್ಲೇ ಅರ್ಧ ತಿರುಗಿ ಬಂದು, ಕೋಲು ಹಿಡಿದು ಬಚ್ಚಲದವರೆಗೆ ನಡೆಸುತ್ತಿತ್ತು. ಕೈ ಮಾತ್ರ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿಕೊಂಡಿತ್ತು.

ಲಕ್ಕವ್ವ ಒಂದೊಂದೇ ಬೆರಳು ಬಿಡಿಸಿದಳು. ಹೆಬ್ಬೆರಳು ಬಿಡಿಸಿ ಕಿರುಬೆರಳಿಗೆ ಬರುವಷ್ಟರಲ್ಲಿ ಹೆಬ್ಬೆರಳು ಮತ್ತೆ ಒಳಗೆ ಹೋಗುತ್ತಿತ್ತು. ಹೇಗೋ ಐದನ್ನೂ ಹಿಡಿದು ಅಂಗೈ ಮೇಲೆ ಲಿಂಗ ಇಟ್ಟಳು. ಅವಳು ಕೈ ಬಿಟ್ಟದ್ದೇ ತಡ, ಬೆರಳು ಐದೂ ಕೂಡಿಕೊಂಡವು. ಲಿಂಗ ಮುಷ್ಟಿಯ ಒಳಗೆ ಹೋಯಿತು.

ಬಸಗೊಂಡಪ್ಪ ಮುಚ್ಚಿದ ಮುಷ್ಟಿಯನ್ನೇ ನೋಡುತ್ತ ಬಹಳ ಹೊತ್ತು ಕೂತ. ಆಮೇಲೆ ಅದರ ಮೇಲೆಯೇ ನಾಲ್ಕು ಹನಿ ನೀರು ಹಾಕಿದ. ಲಿಂಗ ಹೊರಗೆ ತೆಗೆಯಲು ಮತ್ತೆ ಅರ್ಧ ತಾಸು ಹಿಡಿಯಿತು. ಅವನು ಉಪ್ಪಿಟ್ಟು ಉಂಡು ಗುಳಿಗೆ ನುಂಗಿದಾಗ ಹನ್ನೊಂದಾಗಿತ್ತು. ಗುಳಿಗೆಯ ಹೊತ್ತು ಎಂಟು.

ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಮನೆಯಲ್ಲಿ ಮಾತು ಶುರುವಾದದ್ದು ಗುಳಿಗೆಯಿಂದ. ವಿಜಯಲಕ್ಷ್ಮೀ ಸಾರವಾಡದ ಸಾಲೆಯಲ್ಲಿ ಶಿಕ್ಷಕಿ, ಎಂಟೂಕಾಲಿನ ಬಸ್ಸು ಹಿಡಿಯುವವಳು. ಯಾವ ಗುಳಿಗೆ ಎಷ್ಟಕ್ಕೆ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಳು.

"ಅತ್ತೀ, ಹನ್ನೊಂದಕ್ಕ ನುಂಗೂದಾದ್ರ ನಾ ಇದನ್ನ ಬರದು ಯಾಕ ಹಚ್ಚಬೇಕ್ರಿ?" ಅಂದಳು.

"ನನಗ್ಯಾಕ ಹೇಳ್ತಿ? ಅವರಿಗಿ ಹೇಳು."

"ಅವರ ಮುಂದ ನಂದೇನ ನಡೀತೈತ್ರಿ."

ಸಿದ್ದಲಿಂಗೇಶನಿಗೆ ವಿಜಯಪುರದಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಏನು ಮುರಿದರೂ ಅದರ ಬದಲಿಗೆ ಒಂದು ಹೊಸದು ಕೂಡಿಸಿ ಕಳಿಸುವುದು ಅವನ ಉದ್ಯೋಗ. ತಂದೆಯ ಮುಂದೆಯೂ ಅದನ್ನೇ ಹೇಳಿದ. ಕೈ ಬರುವತನಕ ಒಂದು ಬೆಳ್ಳಿಯ ತಾಟಿನಲ್ಲಿ ಇಟ್ಟು ಪೂಜೆ ಮಾಡಿದರಾಯಿತು, ದೇವರೇನು ಬೇಡ ಅನ್ನುವುದಿಲ್ಲ ಅಂದ.

ಬಸಗೊಂಡಪ್ಪನ ಮಾತು ಇನ್ನೂ ತೊದಲುತ್ತಿತ್ತು. ಒಂದೊಂದು ಮಾತಿಗೂ ಬಾಯಿ ಹುಡುಕಾಡುತ್ತಿತ್ತು. "ತಾಟು... ನಂದಲ್ಲ. ಕೈ... ನಂದು" ಅಂದ.

"ಮತ್ತ ಬಲಗೈಯಾಗ ಹಿಡಕೋ ಯಪ್ಪಾ."

"ನೀರು... ನೀ ಹಾಕ್ತಿಯೇನು? ದಿನಾ?"

ಒಂಬತ್ತಕ್ಕೆ ಅಂಗಡಿಯ ಬಾಗಿಲು ತೆಗೆಯಬೇಕಾದ ಸಿದ್ದಲಿಂಗೇಶ ಗಡಿಯಾರ ನೋಡಿ ಎದ್ದ. ಲಕ್ಕವ್ವ ತಾನು ಕೆಳಗೆ ಕೈ ಕೊಟ್ಟು ಹಿಡಿಯುತ್ತೇನೆ ಅಂದಳು. ಅದಕ್ಕೂ ಅವನು ತಲೆ ಅಲ್ಲಾಡಿಸಿದ. ಹೆಂಡತಿಯ ಕೈ ಮೈಲಿಗೆ ಎಂದಲ್ಲ. ಹುಟ್ಟಿದ ಹನ್ನೊಂದನೆಯ ದಿನ ಕಟ್ಟಿದ್ದು, ಎಪ್ಪತ್ತು ವರ್ಷ ತನ್ನ ಕೈಯಲ್ಲೇ ಹಿಡಿದದ್ದು, ಈಗ ಇನ್ನೊಬ್ಬರ ಕೈಗೆ ಭಾರ ಹಾಕುವುದು ಅವನಿಗೆ ಒಗ್ಗಲಿಲ್ಲ.

ಆದರೆ ಕೈಗೆ ಔಷಧಿ ಮಾಡಬೇಕೆಂದು ಯಾರೂ ಜೀವ ತೇಯಲಿಲ್ಲ ಎನ್ನುವುದೂ ಖರೆ. ನೋಡಲು ಬಂದ ಬೀಗರು ಬಿಜ್ಜರೆಲ್ಲ ಉಣ್ಣುವ ಕೈ ಉಳಿಯಿತಲ್ಲ, ಅಷ್ಟು ಸಾಕು ಅಂದು ಹೋದರು. ಮನೆಯವರೂ ಹಾಗೆಯೇ ನಂಬಿದರು. ಎಡಗೈ ಅಂದರೆ ಏನು, ಬಂದರೆ ಬಂತು.

ಸಿದ್ದಲಿಂಗೇಶ ಸುಮ್ಮನೆ ಕೂಡುವವನಲ್ಲ. ಅಂಗಡಿಯ ಕಟ್ಟೆಗೆ ದಿನಾ ಬಂದು ಕೂಡುವ ಯಲಗೂರಪ್ಪ, ಕನಮಡಿಯ ತನ್ನ ಸೋದರಮಾವನಿಗೆ ರಬ್ಬರಿನ ಚೆಂಡು ಹಿಚುಕಿ ಹಿಚುಕಿಯೇ ಕೈ ಬಂತು ಎಂದು ಹೇಳಿದ. ಅವತ್ತೇ ಸಂಜೆ ಹಳದಿ ಚೆಂಡು ಬಂತು. ವಾರದ ಮೇಲೆ ಸ್ಪ್ರಿಂಗಿನ ಹಿಡಿಕೆ ಬಂತು. ಬೆಳಿಗ್ಗೆ ನೂರು, ಮಧ್ಯಾಹ್ನ ನೂರು, ಸಂಜೆ ನೂರು ಹಿಚುಕಬೇಕು. ಬಸಗೊಂಡಪ್ಪ ಅರ್ಧ ಕೆಲಸ ಕಲಿತವನಲ್ಲ. ಸಾಲು ಹಿಡಿದು ಹೊಲ ಹರಗಿದ ಹಾಗೆ ಮುನ್ನೂರೂ ಮುಗಿಸಿಯೇ ಮಲಗುತ್ತಿದ್ದ.

ಹದಿನೈದು ದಿನಕ್ಕೆ ಮುಷ್ಟಿ ಕಲ್ಲಾಯಿತು. ಸಿದ್ದಲಿಂಗೇಶ ತನ್ನ ಬೆರಳನ್ನು ಅದರಲ್ಲಿ ಕೊಟ್ಟು ಎಳೆದು ನೋಡಿ, ಏನು ಹಿಡಿತ ಬಂತು ನೋಡಬೇ ಎಂದು ತಾಯಿಗೆ ತೋರಿಸಿದ. ಲಕ್ಕವ್ವ ಹೂಂ ಅಂದಳು. ಬೆಳಿಗ್ಗೆ ಆ ಹಿಡಿತ ಬಿಡಿಸುವವಳು ಅವಳು. ಅರ್ಧ ತಾಸಿನ ಕೆಲಸ ಈಗ ಮುಕ್ಕಾಲು ತಾಸಾಗಿತ್ತು. ಉಗುರು ಒಳಗೆ ಊರಿ ಅಂಗೈಯಲ್ಲಿ ನಾಲ್ಕು ಕೆಂಪು ಗೆರೆ ಬಿದ್ದಿದ್ದವು. ಮಗನಿಗೆ ಹೇಳಿದಳು. ಮೊದಲು ಶಕ್ತಿ ಬರಲಿ, ಬಿಡುವುದು ತಾನೇ ಬರುತ್ತದೆ ಎಂದು ಅವನು ಅಂದ. ಅವನಿಗೆ ಹಾಗೆ ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ, ಅವಳಿಗೂ ಹಾಗೆಯೇ ಅನ್ನಿಸಿತು.

ಎಳ್ಳ ಅಮಾವಾಸ್ಯೆ ಬಂತು. ವರ್ಷದಂತೆ ಎಲ್ಲರೂ ಹೊಲಕ್ಕೆ ಹೋದರು. ತಿಕೋಟಾಕ್ಕೆ ಕೊಟ್ಟ ಹಿರಿಯ ಮಗಳು ಅಕ್ಕನಾಗಮ್ಮ ಎರಡು ಸೇರು ಮಣೂಕ ಎಂಬ ಒಣದ್ರಾಕ್ಷಿ, ಒಂದು ಬುಟ್ಟಿ ಸಜ್ಜೆಯ ಕಡಬು ಕಟ್ಟಿಕೊಂಡು ಬಂದಳು. ಬೆಳೆಗೆ ಚರಗ ಚೆಲ್ಲುವಾಗ ಎಡಗೈಯಲ್ಲಿ ಬುಟ್ಟಿ ಹಿಡಿದು ಬಲಗೈಯಿಂದ ನಾಲ್ಕೂ ದಿಕ್ಕಿಗೆ ಎಡೆಯ ಅನ್ನ ಬೀರಬೇಕು. ಬಸಗೊಂಡಪ್ಪ ಬದುವಿನ ಮೇಲೆ ಕೂತು ನೋಡಿದ, ಮಗ ಚೆಲ್ಲಿದ. ಬೇವಿನ ಗಿಡದ ನೆರಳಲ್ಲಿ ಬಜ್ಜಿ, ಬದನೆಕಾಯಿ, ಶೇಂಗಾ ಹೋಳಿಗೆ ಹರವಿಟ್ಟು ಎಲ್ಲರೂ ಕಾಯುತ್ತ ಕೂತರು. ಅವತ್ತು ಹೊಲದಲ್ಲೇ ಕೂತ ಅವನ ಪೂಜೆ ಮುಗಿದಾಗ ಹನ್ನೆರಡು ದಾಟಿತ್ತು.

ಅಕ್ಕನಾಗಮ್ಮನಿಗೆ ಸಹಿಸಲಾಗಲಿಲ್ಲ. ಹೆಣ್ಣುಮಗಳು ಮನೆಯಲ್ಲಿದ್ದಿದ್ದರೆ ದಿನಾ ಎಣ್ಣೆ ತಿಕ್ಕಿ ಇಷ್ಟರಲ್ಲಿ ಕೈ ನೆಟ್ಟಗೆ ಮಾಡುತ್ತಿದ್ದಳು, ಎಂಟಕ್ಕೆ ಬ್ಯಾಗು ಹಾಕಿಕೊಂಡು ಹೋಗುವವರಿಗೆ ಎಲ್ಲಿ ಆಗಬೇಕು ಎಂದು ಹೋಳಿಗೆ ಹಂಚುತ್ತಲೇ ಹೇಳಿದಳು. ಯಾರನ್ನೂ ನೋಡಿ ಹೇಳಲಿಲ್ಲ. ಎಲ್ಲರಿಗೂ ಕೇಳಿಸಿತು.

ವಿಜಯಲಕ್ಷ್ಮೀ ಕೈಯಲ್ಲಿದ್ದ ತುತ್ತು ಉಂಡು ಮುಗಿಸಿದಳು. "ಹಂಗಾರ ಅಕ್ಕಾರ, ಒಂದ ತಿಂಗಳ ನೀವ ಇರ್ರಿ ಇಲ್ಲೆ. ನನ್ನ ಸಾಲಿಗೂ ನೀವ ಹೋಗ್ರಿ. ಮೂರನೇ ಕ್ಲಾಸಿನ ಹುಡುಗ್ರು ನಿಮ್ಮನ್ನ ಕಂಡ್ರ ಒಂದ ದಿನದಾಗ ಗಪ್ ಆಗ್ತಾರ."

ಲಕ್ಕವ್ವ ಸೆರಗು ಬಾಯಿಗೆ ಹಿಡಿದುಕೊಂಡಳು. ಸಿದ್ದಲಿಂಗೇಶ ಅತ್ತ ತಿರುಗಿ ಕಡಲೆ ಗಿಡ ಕಿತ್ತ. ಅಕ್ಕನಾಗಮ್ಮನಿಗೆ ಸಿಟ್ಟು ಬರುವ ಮೊದಲು ನಗು ಬಂತು, ಅಲ್ಲಿಗೆ ಆ ಜಗಳ ಮುಗಿಯಿತು. ಆದರೆ ಮಾತು ವಿಜಯಲಕ್ಷ್ಮೀಗೆ ನಾಟಿತ್ತು. ಸಂಜೆ ಮನೆಗೆ ಬಂದವಳೇ ಆಸ್ಪತ್ರೆಯ ಫೈಲು ತೆಗೆದು ಒಂದೊಂದೇ ಹಾಳೆ ಓದಿದಳು. ಗುಳಿಗೆಯ ಚೀಟಿಗಳ ಹಿಂದೆ ಇನ್ನೊಂದು ಚೀಟಿ ಇತ್ತು. ಕೈಯ ವ್ಯಾಯಾಮಕ್ಕೆ ಹತ್ತು ದಿನದ ಒಳಗೆ ಬರಬೇಕು ಎಂದು ಬರೆದಿತ್ತು. ತಿಂಗಳು ದಾಟಿತ್ತು.

ಅವಳು ಚೀಟಿ ಹಿಡಿದು ಅತ್ತೆಯ ಮುಂದೆ ನಿಂತಳು. "ಅಕ್ಕಾರ ಅಂದದ್ದ ಖರೆ ಐತ್ರಿ ಅತ್ತೀ. ನಾ ಓದಿದಾಕಿ, ನಾನೂ ನೋಡ್ಲಿಲ್ಲ" ಅಂದಳು. ಲಕ್ಕವ್ವ ಅವಳ ತಾಟಿಗೆ ಇನ್ನೊಂದು ಕಡಬು ಹಾಕಿದಳು.

ವಿಜಯಪುರದಲ್ಲಿ ಅವರು ಹೋದ ಕೋಣೆಯಲ್ಲಿ ಒಂದು ಮೇಜು, ಒಂದು ಮಂಚ, ಗೋಡೆಗೆ ಒಂದು ಕನ್ನಡಿ ಇದ್ದವು. ಕೈಕಾಲಿನ ವ್ಯಾಯಾಮ ಮಾಡಿಸುವ ಡಾಕ್ಟರಬಾಯಿಯ ಹೆಸರು ಅಬೇದಾ. ಮೂವತ್ತರ ಆಸುಪಾಸು, ಮಾತು ಮೆಲ್ಲಗೆ. ಮುಷ್ಟಿಯನ್ನು ಮೇಲೆ ಕೆಳಗೆ ಮಾಡಿ ನೋಡಿದಳು, ಅಂಗೈಯ ಕೆಂಪು ಗೆರೆ ನೋಡಿದಳು. ಮನೆಯಲ್ಲಿ ಏನೇನು ಮಾಡಿಸಿದಿರಿ ಎಂದು ಕೇಳಿದಳು. ಸಿದ್ದಲಿಂಗೇಶ ಚೀಲದಿಂದ ಚೆಂಡು, ಸ್ಪ್ರಿಂಗು ತೆಗೆದು ಹೆಮ್ಮೆಯಿಂದ ಮೇಜಿನ ಮೇಲಿಟ್ಟ. ಅವಳು ಎರಡನ್ನೂ ತನ್ನ ಡ್ರಾವರಿನಲ್ಲಿ ಹಾಕಿ ಮುಚ್ಚಿದಳು.

"ಹಿಡಿಯೂದು ಈ ಕೈಗೆ ಚಲೋ ಬರ್ತೈತ್ರಿ ಅಣ್ಣಾರ. ಬಿಡೂದು ಮರತೈತಿ. ಅದಕ್ಕ ಬರೂದನ್ನ ನೀವು ಇನ್ನಷ್ಟ ಕಲಿಸೀರಿ."

ಸಿದ್ದಲಿಂಗೇಶನ ಮುಖ ಸಣ್ಣದಾಯಿತು. ಎಲ್ಲರೂ ಹಾಗೇ ಮಾಡುತ್ತಾರೆ, ಇನ್ನೂ ಹೊತ್ತು ಮೀರಿಲ್ಲ ಎಂದು ಅವಳೇ ಸಮಾಧಾನ ಹೇಳಿದಳು. ಆಮೇಲೆ ಈ ಕೈಯಿಂದ ಅವರಿಗೆ ಮುಖ್ಯವಾಗಿ ಏನು ಕೆಲಸ ಆಗಬೇಕು ಎಂದು ಕೇಳಿದಳು. ಎಡಗೈಯಲ್ಲವೇ, ಅಂಥ ಕೆಲಸವೇನಿಲ್ಲ, ಉಣ್ಣುವ ಕೈ ನೆಟ್ಟಗಿದೆ ಎಂದು ಸಿದ್ದಲಿಂಗೇಶ ಹೇಳತೊಡಗಿದ. ಬಸಗೊಂಡಪ್ಪ ನೆಲ ನೋಡುತ್ತ ಕೂತಿದ್ದ.

ಲಕ್ಕವ್ವ ದವಾಖಾನೆಯಲ್ಲಿ ಮಾತಾಡುವವಳಲ್ಲ. ಅವತ್ತು ಮಾತಾಡಿದಳು. "ಐತ್ರೀ ಬಾಯಾರ, ಕೆಲಸ ಐತಿ. ಲಿಂಗ ಹಿಡೀಬೇಕು. ಅದು ಆಗೂಮಟ ಅವರು ಉಣ್ಣಂಗಿಲ್ಲ, ಗುಳಿಗಿ ನುಂಗಂಗಿಲ್ಲ." ತನ್ನ ಎಡ ಅಂಗೈಯನ್ನು ಎದೆಯ ಮುಂದೆ ಹಿಡಿದು ತೋರಿಸಿದಳು. ಬೆರಳು ಪೂರಾ ಬಿಚ್ಚಿರಲಿಲ್ಲ, ಪೂರಾ ಮುಚ್ಚಿಯೂ ಇರಲಿಲ್ಲ.

ಅಬೇದಾ ಎದ್ದು ಬಂದು ಆ ಕೈಯನ್ನೇ ನೋಡಿದಳು. ಅಂಗೈಯ ಓರೆ, ಹೆಬ್ಬೆರಳು ನಿಂತ ಜಾಗ ಎಲ್ಲವನ್ನೂ ನೋಡಿದಳು. ತನ್ನ ಕೈಯನ್ನೂ ಹಾಗೆಯೇ ಹಿಡಿದಳು. "ಹಿಂಗೇನ್ರಿ ಅಜ್ಜಿ? ನಾವು ದುವಾ ಮಾಡುವಾಗ ಎರಡೂ ಹಿಡಿತೀವಿ" ಅಂದಳು. ನೋಡಲು ಹಗುರ, ಆದರೆ ಲಕ್ವಾ ಹೊಡೆದ ಕೈಗೆ ಚೀಲ ಎತ್ತುವುದಕ್ಕಿಂತ ಇದು ಕಠಿಣ ಎಂದು ತಿಳಿಸಿ ಹೇಳಿದಳು. ಅಂಗೈ ಮೇಲೆ ಹೊರಳಬೇಕು, ಬೆರಳು ಬಿಚ್ಚಬೇಕು, ಬಿಚ್ಚಿದ ಮೇಲೆ ಹಾಗೇ ನಿಲ್ಲಬೇಕು. ಬಿಸಿನೀರಿನಲ್ಲಿ ಕೈ ಇಡುವುದು, ಹೆಬ್ಬೆರಳಿನಿಂದ ಶುರುಮಾಡಿ ಬೆರಳು ಬಿಡಿಸುವುದು, ಅಂಗೈಯನ್ನು ಮಂಚದ ಮೇಲೆ ಊರಿ ಮೈಭಾರ ಹಾಕುವುದು, ನಾಡಿ ತೋರಿಸುವವರ ಹಾಗೆ ಮುಂಗೈ ಹೊರಳಿಸುವುದು, ಎಲ್ಲವನ್ನೂ ಮಾಡಿ ತೋರಿಸಿದಳು. ಕಡೆಗೆ ಲಿಂಗದಷ್ಟೇ ದೊಡ್ಡ ನಿಂಬೆಹಣ್ಣನ್ನು ಅಂಗೈ ಮೇಲೆ ಇಟ್ಟು ಎಣಿಸಬೇಕು. ನೂರು ಎಣಿಸುವತನಕ ಹಣ್ಣು ಬೀಳದ ದಿನ ಲಿಂಗ. ಅದಕ್ಕೆ ಮೊದಲು ಒಬ್ಬರೇ ಹಿಡಿಯುವಂತಿಲ್ಲ, ಗುಳಿಗೆ ಎಂಟು ದಾಟುವಂತಿಲ್ಲ.

ಬಸಗೊಂಡಪ್ಪ ಮೊದಲ ಸಲ ತಲೆ ಎತ್ತಿದ. "ಅಲ್ಲೀಮಟ... ಆಕಿ ಕೈ... ನಡೀತೈತೇನು?" ಅಂದ.

"ಅದನ್ನ ನನ್ನ ಕೇಳಬ್ಯಾಡ್ರಿ ಅಜ್ಜಾರ. ಅವರನ್ನ ಕೇಳ್ರಿ."

ಅವನು ಅಲ್ಲಿ ಕೇಳಲಿಲ್ಲ. ತಿರುಗಿ ಬರುವಾಗ ಸಾರವಾಡ ದಾಟಿದ ಮೇಲೆ, ಕಿಟಕಿಯಿಂದ ಹೊರಗೆ ನೋಡುತ್ತಲೇ, "ನಾಳಿಂದ ನೀ ಹಿಡಿ" ಅಂದ.

ಹೀಗೆ ಲಕ್ಕವ್ವ ಗಂಡನ ಎದುರಿಗೆ ಮಣೆ ಹಾಕಿಕೊಂಡು ಕೂಡತೊಡಗಿದಳು. ಅವಳ ಎಡ ಅಂಗೈ ಕೆಳಗೆ, ಅದರ ಮೇಲೆ ಅವನದು, ಅದರ ಮೇಲೆ ಲಿಂಗ. ಒಳಗೆ ಹೋಗುವ ಅವನ ಹೆಬ್ಬೆರಳನ್ನು ಅವಳ ಹೆಬ್ಬೆರಳು ಮೆಲ್ಲಗೆ ಒತ್ತಿ ಹಿಡಿಯುತ್ತಿತ್ತು. ಮೊದಲ ನಾಲ್ಕು ದಿನ ಇಬ್ಬರಿಗೂ ನಾಚಿಕೆ. ಮಕ್ಕಳೆದುರಿಗೆ ಅವರು ಎಂದೂ ಹೀಗೆ ಕೈ ಹಿಡಿದು ಕೂತವರಲ್ಲ. ವಿಜಯಲಕ್ಷ್ಮೀ ಅಡುಗೆಮನೆಯಿಂದ ಇಣುಕಿ ನೋಡಿ, ಅಕ್ಷತೆ ತರಲೇನು ಎಂದು ಕೇಳಿದಳು. ಲಕ್ಕವ್ವ ಬಾಯಿ ಮುಚ್ಚೇ ಅಂದಳು, ಬಸಗೊಂಡಪ್ಪನ ಸೊಟ್ಟ ಬಾಯಿ ಇನ್ನಷ್ಟು ಸೊಟ್ಟಗಾಯಿತು. ಅದು ಅವನ ನಗು.

ನಿಂಬೆಹಣ್ಣಿನ ಲೆಕ್ಕ ವಿಜಯಲಕ್ಷ್ಮೀಯದು. ರೊಟ್ಟಿ ಬಡಿಯುತ್ತಲೇ ಸಾಲೆಯಲ್ಲಿ ಮಗ್ಗಿ ಹೇಳಿಸುವ ದನಿಯಲ್ಲಿ ಎಣಿಸುತ್ತಿದ್ದಳು. ಮೊದಲ ದಿನ ಮೂರಕ್ಕೆ ಬಿತ್ತು. ವಾರದ ಮೇಲೆ ಒಂಬತ್ತು. ಹಣ್ಣು ಮಂಚದ ಕೆಳಗೆ ಉರುಳುತ್ತಿತ್ತು, ಒಂದೊಂದು ದಿನ ಅವಳ ಚಪ್ಪಲಿಯೊಳಗೆ ಸಿಗುತ್ತಿತ್ತು. ಬಿದ್ದು ಮೆತ್ತಗಾದ ಹಣ್ಣುಗಳದ್ದೇ ಎರಡು ಭರಣಿ ಉಪ್ಪಿನಕಾಯಿ ಆಯಿತು. ಸಿದ್ದಲಿಂಗೇಶ ಚೆಂಡಿನ ಮಾತು ಮತ್ತೆ ಎತ್ತಲಿಲ್ಲ, ಆದರೆ ಸಂಜೆ ಅಂಗಡಿಯಿಂದ ಬಂದವನೇ ಕೈಕಾಲು ತೊಳೆದು ತಂದೆಯ ಮುಂಗೈ ನೀವುತ್ತ ಕೂಡುತ್ತಿದ್ದ. ಸಂಕ್ರಾಂತಿಯ ಹೊತ್ತಿಗೆ ಎಣಿಕೆ ನಲವತ್ತು ದಾಟಿತು. ಗುಳಿಗೆ ಎಂಟಕ್ಕೆಂದರೆ ಎಂಟಕ್ಕೇ ಹೋಗುತ್ತಿತ್ತು.

ಆಗ ಲಕ್ಕವ್ವ ತಿಕೋಟಾಕ್ಕೆ ಹೋಗಬೇಕಾಯಿತು. ಅಕ್ಕನಾಗಮ್ಮನ ಬಸುರಿ ಮಗಳಿಗೆ ಸೀಮಂತದ ಕುಬಸ, ಅಜ್ಜಿ ಇಲ್ಲದಿದ್ದರೆ ಹೇಗೆ. ಎರಡು ದಿನ ಮಗ ಕೈ ಹಿಡಿಯುತ್ತಾನೆ ಎಂದು ಎಲ್ಲರೂ ಒಪ್ಪಿದರು. ಕುಬಸದ ಮರುದಿನ ಮುಂಜಾನೆ ಅಲ್ಲಿಗೆ ವಿಜಯಲಕ್ಷ್ಮೀಯ ಫೋನು ಬಂತು. ನಿನ್ನೆ ಬೆಳಿಗ್ಗೆಯಿಂದ ಮಾವ ಏನೂ ಮುಟ್ಟಿಲ್ಲ, ನೀರೂ ಕುಡಿದಿಲ್ಲ, ಗುಳಿಗೆ ಕೊಟ್ಟರೆ ಹಲ್ಲು ಕಚ್ಚಿಕೊಳ್ಳುತ್ತಾರೆ, ಕೇಳಿದರೆ ಮಾತಿಲ್ಲ ಎಂದಳು. ಗುಳಿಗೆ ಒಂದು ದಿನ ತಪ್ಪಿದರೂ ಮತ್ತೆ ಲಕ್ವಾ ಹೊಡೆಯಬಹುದು ಎಂದು ದೊಡ್ಡ ಡಾಕ್ಟರು ಹೇಳಿದ್ದು ಲಕ್ಕವ್ವನಿಗೆ ನೆನಪಿತ್ತು. ಉಡಿ ತುಂಬಿಸಿಕೊಳ್ಳಲೂ ನಿಲ್ಲದೆ ಬಸ್ಸು ಹತ್ತಿದಳು.

ಬಸಗೊಂಡಪ್ಪ ಗೋಡೆಯ ಕಡೆ ಮುಖಮಾಡಿ ಮಲಗಿದ್ದ. ಸೊಸೆ ಸಾಲೆಗೆ ರಜೆ ಹಾಕಿ ಬಾಗಿಲಲ್ಲಿ ಕೂತಿದ್ದಳು, ಮಗ ಅಂಗಡಿ ತೆಗೆದಿರಲಿಲ್ಲ. ಲಕ್ಕವ್ವ ಮಂಚದ ಮೇಲೆ ಕೂತು ಅವನ ಎಡಗೈ ಹಿಡಿದಳು. ಅದು ಮತ್ತೆ ಮುಷ್ಟಿಯಾಗಿತ್ತು.

"ಬಿತ್ತು" ಅಂದ ಅವನು.

ಮಗ ಹಿಡಿಯುವುದರಲ್ಲಿ ಅವಸರ ಮಾಡುತ್ತಾನೆ, ತಾನೇ ನೋಡೋಣ ಎಂದು ಅವನನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿಕೊಂಡಿದ್ದ. ಲಿಂಗ ಚೆಂದಾಗಿ ಕೂತಿತು. ನೀರು ಹನಿಸಲು ಬಲಗೈ ತಂಬಿಗೆಗೆ ಚಾಚಿದ, ಅದೇ ಹೊತ್ತಿಗೆ ಎಡಗೈ ತಾನಾಗಿಯೇ ಜಗ್ಗಿತು. ಲಿಂಗ ಹಾರಿ ಬಿತ್ತು. ಕೈಯಿಂದ ಲಿಂಗ ಬೀಳಿಸಿಕೊಂಡವನು ಜೀವ ಇಟ್ಟುಕೊಳ್ಳಬಾರದು ಎಂದು ಅವನ ಅಜ್ಜ ಹೇಳುತ್ತಿದ್ದನಂತೆ. ಈಗ ಯಾರೂ ಹಾಗೆ ಮಾಡುವುದಿಲ್ಲ, ಅದು ಅವನಿಗೂ ಗೊತ್ತು. ಆದರೂ ತುತ್ತು ಒಳಗೆ ಇಳಿಯುತ್ತಿಲ್ಲ ಅಂದ.

ವಿಜಯಲಕ್ಷ್ಮೀ ಎದ್ದು ಬಂದಳು. "ಎಲ್ಲಿ ಬಿತ್ರಿ ಮಾವಾರ? ನೆಲಕ್ಕೇನು?"

"ತೊಡಿ ಮ್ಯಾಲ."

"ತೊಡಿ ಯಾರದ್ರಿ? ನಿಮ್ಮದ ಅಲ್ಲ? ಕೈ ನಿಮ್ಮದು, ತೊಡಿನೂ ನಿಮ್ಮದು. ನಿಮ್ಮ ಮೈ ಬಿಟ್ಟ ಅದೆಲ್ಲಿ ಹೋಗೇತ್ರಿ?"

ಅವನು ಆ ಮಾತನ್ನು ಒಳಗೇ ತೂಗಿ ನೋಡಿದ ಹಾಗೆ ಕಂಡಿತು. ಆದರೆ ಮುಖ ಈಚೆ ಹೊರಳಲಿಲ್ಲ. ಲಕ್ಕವ್ವ ಅವನ ಬೆರಳುಗಳನ್ನು ಒಂದೊಂದಾಗಿ ನೀವಿದಳು. ಆಮೇಲೆ, ಯಾರಿಗೂ ಎಂದೂ ಹೇಳದೆ ಇದ್ದದ್ದನ್ನು ಮೆಲ್ಲಗೆ ಹೇಳಿದಳು.

"ನಂದೂ ಬಿದ್ದಿತ್ತು."

ಅವನು ಹೊರಳಿ ನೋಡಿದ.

"ಸಿದ್ದು ಹೊಟ್ಟ್ಯಾಗಿದ್ದ. ಹಿಟ್ಟ ನಾದಾಕತ್ತಿದ್ದೆ. ದಾರ ಹರದು ಕರಡಗಿ ಪರಾತದಾಗ ಬಿತ್ತು. ಮುಚ್ಚಳ ಕಳಚಿ ಲಿಂಗ ಹಿಟ್ಟಿನ್ಯಾಗ ಹೋತು."

"ಮತ್ತ ನೀ?"

"ತೊಳದೆ, ಹಣಿಗಿ ಹಚಗೊಂಡೆ, ಕಟಗೊಂಡೆ. ಎರಡ ಜೀವದಾಕಿ, ಉಪಾಸ ಕುಂಡ್ರಾಕ ಆಗತಿತ್ತೇನು? ನಿಮಗ ಹೇಳಿದ್ರ ನೀವು ಸ್ವಾಮಿಗಳ ಹಂತ್ಯಾಕ ಕರಕೊಂಡ ಹೊಂಟ ಬಿಡತಿದ್ರಿ."

ಬಸಗೊಂಡಪ್ಪ ಬಲ ಮೊಳಕೈ ಊರಿ ಅರ್ಧ ಎದ್ದ. "ಆ... ಹಿಟ್ಟು?"

"ರೊಟ್ಟಿ ಬಡದೆ."

"ಯಾರ... ಉಂಡ್ರು?"

"ನೀವ. ಇವತ್ತ ರೊಟ್ಟಿ ಭಾಳ ಮೆತ್ತಗ ಆಗ್ಯಾವ ಅಂತ ಇನ್ನೊಂದ ಹಾಕಿಸಿಕೊಂಡ್ರಿ."

ಮೊದಲು ಅವನ ಹೊಟ್ಟೆ ಅಲುಗಾಡಿತು. ಆಮೇಲೆ ಹೆಗಲು. ಆಮೇಲೆ ಲಕ್ವಾ ಹೊಡೆದ ಬಾಯಿಯಿಂದ ಕೆಮ್ಮಿನಂಥ ಒಂದು ಸಪ್ಪಳ ಬಂತು, ಕಣ್ಣಲ್ಲಿ ನೀರು ಬಂತು. ಸಿದ್ದಲಿಂಗೇಶ ಗಾಬರಿಯಿಂದ ಓಡಿ ಬಂದ. ತಂದೆ ನಗುತ್ತಿದ್ದಾನೆ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ವಿಜಯಲಕ್ಷ್ಮೀ ಆಗಲೇ ಒಳಗೆ ಹೋಗಿ ಗಂಜಿಗೆ ನೀರಿಟ್ಟಿದ್ದಳು.

ನಡೆದದ್ದನ್ನು ಕೇಳಿದ ಅಬೇದಾ ಬಯ್ಯಲಿಲ್ಲ. ಒಂದು ಕೈಗೆ ಕೆಲಸ ಹೇಳಿದಾಗ ಇನ್ನೊಂದು ಬೆದರುತ್ತದೆ, ಇನ್ನು ಮೇಲೆ ಎರಡನ್ನೂ ಕೂಡಿಯೇ ಕಲಿಸಬೇಕು ಅಂದಳು. ಎಡಗೈಯಲ್ಲಿ ಹಣ್ಣು ಹಿಡಿದು ಬಲಗೈಯಿಂದ ತಂಬಿಗೆ ಮುಟ್ಟಿ ಬರಬೇಕು, ಆಮೇಲೆ ತಂಬಿಗೆ ಎತ್ತಬೇಕು, ಆಮೇಲೆ ನೀರು ಹನಿಸಬೇಕು. ಎಣಿಕೆ ಮತ್ತೆ ನಾಲ್ಕಕ್ಕೆ ಇಳಿಯಿತು. ಅಲ್ಲಿಂದ ಹನ್ನೆರಡು, ಅಲ್ಲಿಂದ ಮೂವತ್ತು. ಒಂದು ದಿನ ತೊಂಬತ್ತೆಂಟಕ್ಕೆ ಬಿದ್ದಾಗ ವಿಜಯಲಕ್ಷ್ಮೀ ತವೆಯ ಮೇಲಿನ ರೊಟ್ಟಿ ಸೀಯಿಸಿದಳು. ಶಿವರಾತ್ರಿ ಇನ್ನೂ ಎಂಟು ದಿನ ಇರುವಾಗ ನೂರಾಯಿತು. ಅವಳು ನಿಲ್ಲಿಸದೆ ನೂರಾ ಹತ್ತರ ತನಕ ಎಣಿಸಿದಳು. ಇನ್ನು ಹಿಡಿಯಬಹುದು, ಆದರೆ ಮೊದಲ ದಿನ ಹತ್ತಿರ ಯಾರಾದರೂ ಇರಲಿ ಎಂದು ಅಬೇದಾ ಫೋನಿನಲ್ಲಿ ಹೇಳಿದಳು.

ಮರುದಿನ ಲಕ್ಕವ್ವ ಎಂದಿನಂತೆ ಎದುರಿಗೆ ಕೂತಳು. ಕರಡಿಗೆಯಿಂದ ಲಿಂಗ ತೆಗೆದು ಅವನ ಅಂಗೈ ಮೇಲೆ ಇಟ್ಟಳು. ಕೆಳಗೆ ತನ್ನ ಕೈ ಹಿಡಿದಳು.

"ಕೈ ತಗಿ" ಅಂದ ಬಸಗೊಂಡಪ್ಪ.

ಅವಳು ಎರಡು ಬೊಟ್ಟು ಕೆಳಗೆ ಇಳಿಸಿದಳು, ತೆಗೆಯಲಿಲ್ಲ.

"ಪೂರಾ ತಗಿ."

ಲಕ್ಕವ್ವ ಕೈಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಆ ಎರಡು ಕೈ ಅಲ್ಲಿ ಸುಮ್ಮನಿರಲು ಎಷ್ಟು ಒದ್ದಾಡಿದವು ಎನ್ನುವುದು ಅವಳಿಗೇ ಗೊತ್ತು. ಅವನ ಬಲಗೈ ತಂಬಿಗೆಗೆ ಹೋಯಿತು. ಎಡಗೈಯ ಕಿರುಬೆರಳು ನಡುಗಿತು, ಉಂಗುರ ಬೆರಳು ನಡುಗಿತು. ಹೆಬ್ಬೆರಳು ಒಳಗೆ ಹೊರಟು, ಏನೋ ನೆನಪಾದ ಹಾಗೆ ನಿಂತಿತು. ನೀರು ಹನಿಯಿತು. ಅವನು ವಿಭೂತಿ ಹಚ್ಚಿದ, ಪತ್ರೆ ಏರಿಸಿದ. ಆಮೇಲೆ ಕಣ್ಣು ಮುಚ್ಚಿ ತೆರೆದು ತನ್ನ ಅಂಗೈಯನ್ನು ನೋಡಿದ. ಕೆಳಗೆ ಇನ್ನೊಂದು ಕೈ ಇಲ್ಲದ ಆ ನೋಟ ಮೂರು ತಿಂಗಳಿಂದ ಸಿಕ್ಕಿರಲಿಲ್ಲ. ಲಿಂಗ ಅಲುಗಾಡಲಿಲ್ಲ.

ಅವನು ತಾನೇ ಅದನ್ನು ಕರಡಿಗೆಯಲ್ಲಿ ಇಟ್ಟುಕೊಂಡು, ಕೋಲು ಹಿಡಿದು ಅಡುಗೆಮನೆಗೆ ಹೋದ. ಲಕ್ಕವ್ವ ಮಣೆ ಒರೆಸಿ, ತಂಬಿಗೆಗೆ ಬೇರೆ ನೀರು ತುಂಬಿ, ಅದೇ ಮಣೆಯ ಮೇಲೆ ಕೂತು ತನ್ನ ಕರಡಿಗೆ ತೆಗೆದಳು. ಒಳಗಿನ ಮಾತೆಲ್ಲ ಅವಳಿಗೆ ಕೇಳಿಸುತ್ತಿತ್ತು. ತಾಟು ಇಟ್ಟ ಸಪ್ಪಳ. ಪುಂಡಿಪಲ್ಯ ಬಡಿಸಿದ ಸಪ್ಪಳ. ಬಟ್ಟಲಲ್ಲಿ ಗುಳಿಗೆ ಬಿದ್ದ ಸಪ್ಪಳ.

"ಆಕಿ ಎಲ್ಲಿ?" ಬಸಗೊಂಡಪ್ಪನ ದನಿ.

"ಪೂಜಿಗೆ ಕುಂತಾರ್ರಿ."

"ಈಗ? ಆಕಿ ನಸಿಕಿನ್ಯಾಗ ಮಾಡತಿದ್ಳು."

"ಅದು ಮೊದಲಿನ ಮಾತ್ರಿ ಮಾವಾರ. ಮೂರ ತಿಂಗಳಾತು, ನಿಮ್ಮನ್ನ ಉಣಿಸಿ, ಗುಳಿಗಿ ನುಂಗಿಸಿ, ಆಮ್ಯಾಲ ತಮ್ಮ ಪೂಜಿ. ಒಮ್ಮೊಮ್ಮಿ ಅವರು ಉಣ್ಣೂದು ಹನ್ನೆರಡಾಗತಿತ್ತು."

ರೊಟ್ಟಿ ಮುರಿಯುವ ಸಪ್ಪಳಕ್ಕಾಗಿ ಲಕ್ಕವ್ವ ಕಿವಿಗೊಟ್ಟಳು. ಅದು ಬರಲಿಲ್ಲ.

"ಎಂಟಾತ್ರಿ ಮಾವಾರ. ಗುಳಿಗಿ."

"ಆಕಿ ಬರ್ಲಿ."

ನಲವತ್ತಾರು ವರ್ಷದಲ್ಲಿ ಅವನು ಅವಳಿಗಾಗಿ ತುತ್ತು ತಡೆದು ಕೂತದ್ದಿಲ್ಲ. ವಿಜಯಲಕ್ಷ್ಮೀ ಜಗಳ ತೆಗೆಯುತ್ತಾಳೆ ಎಂದು ಲಕ್ಕವ್ವ ಕಾದಳು. ಅವಳೂ ತೆಗೆಯಲಿಲ್ಲ. ಹೊರಗೆ ರಸ್ತೆಯಲ್ಲಿ ಎಂಟೂಕಾಲಿನ ಬಸ್ಸು ಹಾರ್ನು ಹೊಡೆಯುತ್ತ ಹೋಯಿತು. ನಿನ್ನ ಬಸ್ಸು ಹೋಯಿತಲ್ಲ ಎಂದು ಸಿದ್ದಲಿಂಗೇಶ ಕೇಳಿದ. ಇನ್ನೊಂದು ಬರುತ್ತದೆ ಎಂದು ಅವಳು ಹೇಳಿದಳು.

ಲಕ್ಕವ್ವನ ಅಂಗೈ ಮೇಲೆ ಲಿಂಗವಿತ್ತು. ಬೇಗ ಬೇಗ ಮುಗಿಸಿ ಏಳಬೇಕೆಂದು ಅನ್ನಿಸಿತು. ಇನ್ನೂ ಒಂದು ಪತ್ರೆ ಏರಿಸುವುದಿತ್ತು. ಅವಸರ ಮಾಡದೆ ಏರಿಸಿದಳು.